ಭೂವಿಜ್ಞಾನ ಓದಿದವರಿಗೆ ಪಾಠ ಮಾಡುವ ಕೆಲಸ ಎಲ್ಲಿದೆ?

ಪಾಂಡವಪುರ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ, ಭೂಗೋಳ ಓದುತ್ತಿದ್ದೇನೆ. ಟೀಚರ್ ಆಗುವ ಆಸೆ. ಬಿ.ಇಡಿ. ಮಾಡ್ತೀನಿ ಅಂದರೆ, ಆ ಸಬ್ಜೆಕ್ಟೇ ಶಾಲೆಯಲ್ಲಿ ಇಲ್ವಲ್ಲ, ಯಾರು ಕೆಲಸ ಕೊಡ್ತಾರೆ ಅಂತ ಮನೆಯಲ್ಲಿ ಕೇಳುತ್ತಾರೆ."

ಸಂಪಾದಕರ ಉತ್ತರ:

ಮನೆಯವರ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ಹೈಸ್ಕೂಲಿನಲ್ಲಿ ಭೂವಿಜ್ಞಾನಕ್ಕೆ ಬೇರೆ ಪೀರಿಯಡ್ ಇಲ್ಲ. ಶಿಲೆ, ಭೂಕಂಪ ಎಲ್ಲ ಸಮಾಜ ವಿಜ್ಞಾನದ ಭೂಗೋಳ ಭಾಗದಲ್ಲಿ ಬರುತ್ತವೆ. ಪಿಯುಸಿಯಲ್ಲಿ ಭೂವಿಜ್ಞಾನ ಇದೆ, ಕಲಿಸುವ ಕಾಲೇಜುಗಳು ಮಾತ್ರ ಕಡಿಮೆ. ಹಾಗಾಗಿ ಬಿ.ಇಡಿ. ಒಂದನ್ನೇ ನಂಬಬೇಡಿ. ಮೊದಲು ಎಂ.ಎಸ್ಸಿ. ಮಾಡಿ ಅಂತ ಒತ್ತಿ ಹೇಳುತ್ತೇನೆ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಭೂವಿಜ್ಞಾನ ವಿಭಾಗ ಇದೆ. ಪಾಂಡವಪುರದಿಂದ ರೈಲಿನಲ್ಲಿ ಓಡಾಡಿಕೊಂಡೇ ಓದಬಹುದು. ಆಮೇಲೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾದರೆ ಪದವಿ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆ ಸಿಗುತ್ತದೆ. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಭೂಮಿ, ವಾತಾವರಣ, ಸಾಗರ, ಗ್ರಹಗಳು ಎಲ್ಲ ಸೇರಿ ಒಂದೇ ವಿಷಯ. ಕಲ್ಲಿನ ಜೊತೆ ಮಳೆ, ಗಾಳಿಯನ್ನೂ ಈಗಿನಿಂದಲೇ ಓದಿಕೊಳ್ಳಿ. ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆಗೂ ಎಂ.ಎಸ್ಸಿ. ಬೇಕು. ಅದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ. ಸರ್ವೇಕ್ಷಣೆಗೆ ಹೈದರಾಬಾದಿನಲ್ಲಿ ತನ್ನದೇ ತರಬೇತಿ ಸಂಸ್ಥೆ ಇದೆ, ಅಲ್ಲಿ ಪಾಠ ಮಾಡುವವರೂ ಭೂವಿಜ್ಞಾನಿಗಳೇ.

ಇಲ್ಲ, ನನಗೆ ಶಾಲೆಯ ಮಕ್ಕಳೇ ಬೇಕು ಅಂತೀರಾ? ಹಾಗಿದ್ದರೆ ಭೂಗೋಳದಲ್ಲೇ ಸ್ನಾತಕೋತ್ತರ ಪದವಿ ಮಾಡಿ, ಜೊತೆಗೆ ಬಿ.ಇಡಿ. ಮಾಡುವುದು ಒಳ್ಳೆಯದು. ಪಿಯು ಕಾಲೇಜು, ಸಿಬಿಎಸ್‌ಇ ಶಾಲೆಗಳ ಹನ್ನೊಂದು, ಹನ್ನೆರಡನೇ ತರಗತಿಗಳಲ್ಲಿ ಭೂಗೋಳ ಇದೆ. ಸರ್ಕಾರಿ ಹೈಸ್ಕೂಲಿನ ಹುದ್ದೆಗೆ ಪದವಿಯಲ್ಲಿ ಯಾವ ವಿಷಯಗಳ ಜೋಡಿ ಓದಿರಬೇಕು ಅನ್ನುವುದನ್ನು ನೇಮಕಾತಿ ಅಧಿಸೂಚನೆಯಲ್ಲಿ ಓದದೆ ಬಿ.ಇಡಿ. ಫೀಸು ಕಟ್ಟಬೇಡಿ.

ಯಾವ ದಾರಿ ಹಿಡಿದರೂ ಪಾಠಕ್ಕೆ ನಿಮ್ಮ ಜಿಲ್ಲೆಯಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಮಂಡ್ಯದಲ್ಲಿ ಒಬ್ಬರ ಹೊಲದ ಬೋರ್‌ವೆಲ್‌ನಲ್ಲಿ ನೀರು ಬರುತ್ತದೆ, ಪಕ್ಕದವರದರಲ್ಲಿ ಬರೀ ಧೂಳು. ನಮ್ಮ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಬಿರುಕು ತಪ್ಪಿದರೆ ಎಷ್ಟು ಆಳ ಕೊರೆದರೂ ನೀರಿಲ್ಲ. ಇಷ್ಟು ತಿಳಿದ ಹುಡುಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರ ಮಾತು ಕೇಳಿ ಸಾಲ ಮಾಡುವ ಮೊದಲು ಯೋಚಿಸುತ್ತಾನೆ, ಅಲ್ವಾ? ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ ಬ್ಯಾಟರಿಗೆ ಬೇಕಾದ ಲೋಹ ಲಿಥಿಯಂ 1,600 ಟನ್ ಇರುವ ಅಂದಾಜನ್ನು 2021ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಅದೇ ವರ್ಷ ಮಳೆಗೆ ಪಕ್ಕದ ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆ ಕುಸಿಯಿತು. ಸುಮಾರು 80 ಕೋಟಿ ವರ್ಷ ಹಳೆಯ ಗ್ರಾನೈಟ್ ಬೆಟ್ಟದ ಮೇಲೆ ರಸ್ತೆ ಯಾಕೆ ಜಾರಿತು? ಗಟ್ಟಿ ಬಂಡೆಯ ಮೇಲೆ ಕೂತ ಸಡಿಲ ಮಣ್ಣು, ಅದರೊಳಗೆ ಇಳಿಯುವ ನೀರು, ನೀರು ಹೊರಹೋಗುವ ದಾರಿ, ಇಷ್ಟನ್ನು ಬೆಟ್ಟದಲ್ಲೇ ನಿಲ್ಲಿಸಿ ತೋರಿಸಿದರೆ ಎಂಟನೇ ತರಗತಿಯವರಿಗೂ ಅರ್ಥ ಆಗುತ್ತದೆ. ಕೊಡಗಿನಲ್ಲಿ 2018ರಲ್ಲಿ ಆದ ಭೂಕುಸಿತಗಳನ್ನು ನೋಡಿದ ಮೇಲೆ, ಇದನ್ನು ಮಕ್ಕಳಿಗೆ ಹೇಳುವವರು ಪ್ರತಿ ಊರಿನಲ್ಲೂ ಇರಬೇಕು ಅನ್ನಿಸುತ್ತದೆ.

ಇನ್ನೊಂದು ವಿಷಯ. ಹೈಸ್ಕೂಲು, ಪಿಯು ಮಕ್ಕಳಿಗಾಗಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್ ಇದೆ. 2013ರಲ್ಲಿ ಅದು ಮೈಸೂರಿನಲ್ಲೇ ನಡೆಯಿತು. ಅದಕ್ಕೆ ಕನ್ನಡ ಮಾಧ್ಯಮದ ಮಕ್ಕಳನ್ನು ತಯಾರು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಭಾನುವಾರ ನಿಮ್ಮೂರ ಶಾಲೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡಿ. ಪಾಠ ಮಾಡುವುದು ನಿಮಗೆ ಒಗ್ಗುತ್ತದೆಯೇ ಅನ್ನುವುದು ಎಂ.ಎಸ್ಸಿ. ಅರ್ಜಿ ಹಾಕುವ ಮೊದಲೇ ಗೊತ್ತಾಗುತ್ತದೆ. ಮಕ್ಕಳು ಏನೇನು ಕೇಳಿದರು ಅಂತ ನಮಗೂ ಬರೆದು ಕಳಿಸಿ, ಪ್ರಕಟಿಸುತ್ತೇವೆ.