ಪೊಲೀಸರು ಆಗ್ಲೇ ಹೇಳಿಕೆ ತಗೊಂಡಿದ್ರೂ ಡಿಎ ಆಫೀಸಿಂದ ಇನ್ವೆಸ್ಟಿಗೇಟರ್ ಮತ್ತೆ ಯಾಕೆ ಬರ್ತಾರೆ?

ನೀವು ಬರೆದಿದ್ರಲ್ಲಿ ನಂಗೆ ಅರ್ಥ ಆಗಿದ್ದು ಇಷ್ಟು. ಕ್ಯಾಲಿಫೋರ್ನಿಯಾದಲ್ಲಿರೋ ನಿಮ್ಮಕ್ಕ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಒಂದು ಹಲ್ಲೆ ನಡೆದಿದ್ದನ್ನ ನೋಡಿದ್ರು, ಪೊಲೀಸರು ಅವತ್ತೇ ಹೇಳಿಕೆ ಬರ್ಕೊಂಡು ಹೋದ್ರು, ಈಗ ಮೂರು ತಿಂಗಳಾದ್ಮೇಲೆ ಡಿಸ್ಟ್ರಿಕ್ಟ್ ಅಟಾರ್ನಿ (ಡಿಎ, ಅಂದ್ರೆ ಅಲ್ಲಿನ ಸರ್ಕಾರಿ ವಕೀಲರ ಮುಖ್ಯಸ್ಥರು) ಆಫೀಸಿನವರು ಯಾರೋ ಬಂದು ಬಾಗಿಲಿಗೆ ಕಾರ್ಡ್ ಸಿಕ್ಕಿಸಿ ಹೋಗಿದಾರೆ, ಅದ್ರಲ್ಲಿ 'ಸೂಪರ್‌ವೈಸಿಂಗ್ ಕ್ರಿಮಿನಲ್ ಇನ್ವೆಸ್ಟಿಗೇಟರ್' ಅಂತಿದೆ. ಅಕ್ಕ ಹೆದರ್ಕೊಂಡಿದಾರೆ, ನೀವು ಶಿವಮೊಗ್ಗದಲ್ಲಿ ಕೂತು ನಿದ್ದೆ ಕೆಡಿಸ್ಕೊಂಡಿದೀರ. ಕಾರ್ಡ್ ಬಿಟ್ಟು ಹೋದ್ರು ಅಂದ ಮಾತ್ರಕ್ಕೆ ಅಕ್ಕನ ಮೇಲೆ ಅನುಮಾನ ಅಂತ ಅಲ್ಲ. ವಿಚಾರಣೆಗೆ ಮುಂಚೆ ಸಾಕ್ಷಿಗಳನ್ನ ಹುಡುಕ್ಕೊಂಡು ಹೋಗೋದು ಈ ಆಫೀಸಿನವರ ದಿನನಿತ್ಯದ ಕೆಲಸ.

ನಾನು ಕ್ಯಾಲಿಫೋರ್ನಿಯಾದಲ್ಲೇ ಒಂದು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಡಿಎ ಆಫೀಸಲ್ಲಿ ಒಂಬತ್ತು ವರ್ಷದಿಂದ ಪ್ಯಾರಾಲೀಗಲ್, ಅಂದ್ರೆ ವಕೀಲರಿಗೆ ಸಹಾಯ ಮಾಡೋ ಸಿಬ್ಬಂದಿ. ಅದಕ್ಕೂ ಮುಂಚೆ ಊರಲ್ಲಿ ಎರಡು ವರ್ಷ ಕ್ರಿಮಿನಲ್ ಲಾಯರ್ ಒಬ್ಬರ ಹತ್ರ ಜೂನಿಯರ್ ಆಗಿದ್ದೆ, ಹಾಗಾಗಿ ಎರಡೂ ಕಡೆ ಹೇಗೆ ನಡೆಯುತ್ತೆ ಅಂತ ಕಣ್ಣಾರೆ ನೋಡಿದೀನಿ.

ನಮ್ಮ ಇಂಡಿಯಾದಲ್ಲಿ ತನಿಖೆ ಪೂರ್ತಿ ಪೊಲೀಸರದ್ದು ಅಲ್ವಾ, ತನಿಖಾಧಿಕಾರಿ ಮಹಜರು ಮಾಡಿ ಹೇಳಿಕೆ ಬರ್ಕೊಂಡು ಚಾರ್ಜ್‌ಶೀಟ್ ಹಾಕ್ತಾರೆ, ಆಮೇಲೆ ಫೈಲು ಸರ್ಕಾರಿ ವಕೀಲರ ಕೈಗೆ ಬರುತ್ತೆ. ಅವರ ಕೈಕೆಳಗೆ ತನಿಖೆ ಮಾಡೋಕೆ ಒಬ್ಬ ಮನುಷ್ಯನೂ ಇರಲ್ಲ. ನಾನಿದ್ದ ಕೋರ್ಟಲ್ಲಿ ಎಪಿಪಿ (ಸಹಾಯಕ ಸರ್ಕಾರಿ ವಕೀಲ) ಸಾಹೇಬ್ರು ಎಷ್ಟೋ ಸಾಕ್ಷಿಗಳ ಮುಖ ನೋಡ್ತಿದ್ದಿದ್ದೇ ಕಟಕಟೆ ಹತ್ತೋ ಐದು ನಿಮಿಷ ಮುಂಚೆ, ವರಾಂಡದಲ್ಲಿ. ಸಾಕ್ಷಿ ಉಲ್ಟಾ ಹೊಡೆದ್ರೆ ಅವರಿಗೂ ನಮ್ಮಷ್ಟೇ ಆಶ್ಚರ್ಯ. ಅವರ ತಪ್ಪು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ, ದಿನಕ್ಕೆ ಅಷ್ಟು ಕೇಸ್ ಹಿಡ್ಕೊಂಡು ಒಬ್ರೇ ಏನು ಮಾಡೋಕಾಗುತ್ತೆ.

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ, ಒಂದೊಂದಕ್ಕೂ ಜನ ವೋಟ್ ಹಾಕಿ ಆರಿಸಿದ ಒಬ್ಬ ಡಿಎ. ಅವರ ಆಫೀಸಲ್ಲಿ ವಕೀಲರ ಜೊತೆ ಇನ್ವೆಸ್ಟಿಗೇಟರ್‌ಗಳೂ ಇರ್ತಾರೆ. ಇವರು ಬರೀ ಆಫೀಸ್ ಸಿಬ್ಬಂದಿ ಅಲ್ಲ, ರಾಜ್ಯದ ಪೀನಲ್ ಕೋಡ್ 830.1ರ ಪ್ರಕಾರ ಪೊಲೀಸರ ಹಾಗೇ ಪೀಸ್ ಆಫೀಸರ್‌ಗಳು, ಅರೆಸ್ಟ್ ಮಾಡಬಹುದು, ಸರ್ಚ್ ವಾರಂಟಿಗೆ ಜಡ್ಜ್ ಹತ್ರ ಹೋಗಬಹುದು. ಪೊಲೀಸ್ ಇಲಾಖೆಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರೇ ಜಾಸ್ತಿ. ಹಳೇ ಕೊಲೆ ಕೇಸುಗಳನ್ನೂ ಹಿಡೀತಾರೆ, 'ಗೋಲ್ಡನ್ ಸ್ಟೇಟ್ ಕಿಲ್ಲರ್' ಅಂತ 1970-80ರ ದಶಕದಲ್ಲಿ ಜನರ ನಿದ್ದೆಗೆಡಿಸಿದ್ದವನು 2018ರ ಏಪ್ರಿಲ್‌ನಲ್ಲಿ ಡಿಎನ್ಎ ವಂಶವೃಕ್ಷದಿಂದ ಸಿಕ್ಕಿಬಿದ್ದ ಅಲ್ವಾ, ಅದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ದ ಪಾಲ್ ಹೋಲ್ಸ್ ಕಾಂಟ್ರಾ ಕೋಸ್ಟಾ ಕೌಂಟಿಯ ಡಿಎ ಆಫೀಸಲ್ಲಿ ಇನ್ವೆಸ್ಟಿಗೇಟರ್ ಆಗಿದ್ದವರು.

ಸೂಪರ್‌ವೈಸಿಂಗ್ ಅಂದ್ರೆ ಇಂಥ ಒಂದಷ್ಟು ಇನ್ವೆಸ್ಟಿಗೇಟರ್‌ಗಳ ಮೇಲಿನವರು. ಕೌಂಟಿಯಿಂದ ಕೌಂಟಿಗೆ ಹುದ್ದೆ ಹೆಸರು ಬದಲಾಗುತ್ತೆ, ಕೆಲವು ಕಡೆ ಲೆಫ್ಟಿನೆಂಟ್ ಅಂತಾರೆ. ವಕೀಲರು ಕಳಿಸೋ ಕೋರಿಕೆ ಯಾರಿಗೆ ಹಂಚಬೇಕು, ವಾರಂಟ್ ಡ್ರಾಫ್ಟ್ ಸರಿ ಇದ್ಯಾ, ರಿಪೋರ್ಟ್ ಸಹಿ ಹಾಕೋ ಹಾಗಿದ್ಯಾ, ಇದೆಲ್ಲ ಅವರದ್ದು. ರಜೆ, ಓವರ್‌ಟೈಮ್, ಟ್ರೈನಿಂಗ್ ಅಂತ ಕಾಗದದ ಕೆಲಸ ಬೇರೆ. ಆದ್ರೆ ನನ್ನ ಪ್ರಕಾರ ಅವರ ನಿಜವಾದ ಕೆಲಸ ಬೇರೇನೇ ಇದೆ. ಕೇಸಲ್ಲಿ ಎಲ್ಲಿ ತೂತಿದೆ ಅಂತ ಎದುರು ಪಾರ್ಟಿ ಲಾಯರ್‌ಗಿಂತ ಮೊದಲು ತಮ್ಮ ವಕೀಲರಿಗೇ ಹೇಳೋದು.

ಒಂದು ಅಂಗಡಿ ದರೋಡೆ ಕೇಸ್ ಬಂದಿತ್ತು. ಕ್ಯಾಮೆರಾದಲ್ಲಿ ರಾತ್ರಿ 9:40 ಅಂತ ಬಿದ್ದಿತ್ತು, ಮುಖ ಸ್ಪಷ್ಟ ಇಲ್ಲ, ಅಂಗಡಿಯವನು ಫೋಟೋ ನೋಡಿ ಒಬ್ಬ ಹುಡುಗನನ್ನ ತೋರಿಸಿದ್ದ. ನಮ್ಮ ಸೂಪರ್‌ವೈಸರ್ ಮೇಡಂ ಫೈಲ್ ಓದಿ, ಕೇಸ್ ನೋಡ್ತಿದ್ದ ಇನ್ವೆಸ್ಟಿಗೇಟರ್‌ಗೆ ಒಂದೇ ಪ್ರಶ್ನೆ ಕೇಳಿದ್ರು, ಆ ಕ್ಯಾಮೆರಾದ ಗಡಿಯಾರ ಸರಿ ಇತ್ತಾ ಅಂತ ಯಾರಾದ್ರೂ ನೋಡಿದ್ರಾ? ಯಾರೂ ನೋಡಿರ್ಲಿಲ್ಲ. ಆ ಇನ್ವೆಸ್ಟಿಗೇಟರ್ ಹೋಗಿ ಡಿವಿಆರ್ (ಕ್ಯಾಮೆರಾದ ವಿಡಿಯೋ ರೆಕಾರ್ಡ್ ಆಗೋ ಪೆಟ್ಟಿಗೆ) ಪಕ್ಕ ತನ್ನ ಫೋನ್ ಹಿಡಿದು ನೋಡಿದ್ರೆ ಒಂದು ಗಂಟೆ ಮುಂದೆ ಓಡ್ತಿದೆ! ಇಲ್ಲಿ ನವೆಂಬರ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಇಡ್ತಾರೆ, ಅಂಗಡಿಯವನು ಮರೆತಿದ್ದ. ಅಂದ್ರೆ ದರೋಡೆ ಆಗಿದ್ದು 8:40ಕ್ಕೆ, ಹುಡುಗ ಕೆಲಸದಿಂದ ಹೊರಗೆ ಬಂದಿದ್ದು 9:05ಕ್ಕೆ, ಅವನ ಕೆಲಸದ ಜಾಗದ ಕ್ಯಾಮೆರಾದಲ್ಲೂ ಅವನೇ ಇದಾನೆ. ಮೊದಲ ದಿನದಿಂದ ಅವನು ಹೇಳ್ತಿದ್ದಿದ್ದೂ ಅದನ್ನೇ, ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ಐದು ವಾರ ಜೈಲಲ್ಲಿದ್ದ. ಮೇಡಂ ಅವತ್ತೇ ಮೆಮೊ ಬರೆಸಿದ್ರು, ವಕೀಲರು ಅದನ್ನ ಡಿಫೆನ್ಸ್ ಲಾಯರ್‌ಗೆ ಕಳಿಸಿದ್ರು, ಕೇಸ್ ವಾಪಸ್ ಆಯ್ತು. ಅವತ್ತಿಂದ ವಿಡಿಯೋ ತರೋಕೆ ಹೋದವರು ಡಿವಿಆರ್ ಪಕ್ಕ ಫೋನ್ ಗಡಿಯಾರ ಇಟ್ಟು ಫೋಟೋ ತೆಗೀದೆ ಬರೋ ಹಾಗಿಲ್ಲ. ಆ ಹುಡುಗನ ತಾಯಿ ಕೋರ್ಟ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ನಂಗೆ ಇವತ್ತಿಗೂ ಕಣ್ಮುಂದೆ ಇದೆ.

ಆ ಮೆಮೊನ ಹಾಗೆ ಡಿಫೆನ್ಸ್ ಲಾಯರ್‌ಗೆ ಕಳಿಸೋದು ಒಳ್ಳೇತನ ಅಷ್ಟೇ ಅಲ್ಲ, ಕಾನೂನು. 1963ರ ಬ್ರೇಡಿ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರೋಪಿಗೆ ಅನುಕೂಲ ಆಗೋ ಮುಖ್ಯ ಸಾಕ್ಷ್ಯ ಮುಚ್ಚಿಡೋ ಹಾಗಿಲ್ಲ ಅಂತು, 1995ರ ಕೈಲ್ಸ್ ಕೇಸಲ್ಲಿ ಪೊಲೀಸರಿಗೆ ಗೊತ್ತಿದ್ದನ್ನೂ ಪ್ರಾಸಿಕ್ಯೂಟರ್ ತಾನೇ ಕೇಳಿ ತಿಳ್ಕೋಬೇಕು ಅಂತು. ನಂಗೆ ಗೊತ್ತಿರ್ಲಿಲ್ಲ ಅನ್ನೋ ನೆಪ ನಡೆಯಲ್ಲ. ಅದಕ್ಕೇ ಇನ್ನೊಂದು ಜೊತೆ ಕಣ್ಣು ಬೇಕು.

ನಿಮ್ಮಕ್ಕನ ಮನೆಗೆ ವಕೀಲರೇ ಯಾಕೆ ಬರ್ಲಿಲ್ಲ ಅಂತಲೂ ಕೇಳಿದ್ರಿ. ವಕೀಲರು ಒಬ್ರೇ ಸಾಕ್ಷಿ ಜೊತೆ ಮಾತಾಡಿ, ನಾಳೆ ಆ ಸಾಕ್ಷಿ ಕೋರ್ಟಲ್ಲಿ ಬೇರೆ ಹೇಳಿದ್ರೆ, ಅವತ್ತು ಹೀಗಂದಿದ್ರು ಅಂತ ಹೇಳೋಕೆ ವಕೀಲರೇ ಕಟಕಟೆ ಹತ್ತಬೇಕಾಗುತ್ತೆ, ಆಮೇಲೆ ಆ ಕೇಸ್ ಅವರು ನಡೆಸೋದು ಕಷ್ಟ. ಹಾಗಾಗಿ ಇನ್ವೆಸ್ಟಿಗೇಟರ್ ಇರ್ತಾರೆ. ಜೊತೆಗೆ ಟೈಮ್ ಕೂಡ ಕಡಿಮೆ, ಇಲ್ಲಿ ದೊಡ್ಡ ಅಪರಾಧಗಳಲ್ಲಿ ಆರೋಪಿ ಬೇಗ ವಿಚಾರಣೆ ಆಗೋ ತನ್ನ ಹಕ್ಕು ಬಿಟ್ಟುಕೊಡದಿದ್ರೆ, ಕೇಸ್ ವಿಚಾರಣೆಗೆ ಹೋಗಲಿ ಅಂತ ತೀರ್ಮಾನ ಆದ್ಮೇಲೆ ಕೋರ್ಟಲ್ಲಿ ಆರೋಪ ಓದಿ ಹೇಳಿದ 60 ದಿನದೊಳಗೆ ವಿಚಾರಣೆ ಶುರು ಆಗಬೇಕು, ಅಷ್ಟರೊಳಗೆ ಮನೆ ಬದಲಾಯಿಸಿದವರು, ಫೋನ್ ಎತ್ತದವರು, ಹೆದರಿದವರು ಎಲ್ಲರನ್ನೂ ಹುಡುಕಬೇಕು.

ಅಕ್ಕನಿಗೆ ಹೇಳಿ, ಕಾರ್ಡಲ್ಲಿರೋ ಮೊಬೈಲಿಗೆ ನೇರ ಮಾಡೋ ಬದಲು ಆ ಕೌಂಟಿಯ ಡಿಎ ವೆಬ್‌ಸೈಟಲ್ಲಿರೋ ಆಫೀಸ್ ನಂಬರಿಗೆ ಮಾಡಿ ಈ ಹೆಸರಿನವರು ಇದಾರಾ ಅಂತ ಕೇಳ್ಲಿ, ಮೋಸದ ಕಾಲ್‌ಗಳು ಜಾಸ್ತಿ ಆಗಿವೆ. ಮನೇಲಿ ಕೂತು ಅವರ ಜೊತೆ ಮಾತಾಡಲೇಬೇಕು ಅಂತ ಬಲವಂತ ಇಲ್ಲ, ಆದ್ರೆ ಸಬ್‌ಪೀನಾ (ಸಾಕ್ಷಿ ಹೇಳೋಕೆ ಬರಬೇಕು ಅನ್ನೋ ಸಮನ್ಸ್) ಕೊಟ್ರೆ ಅದು ಕೋರ್ಟ್ ಆದೇಶ, ಹೋಗಲೇಬೇಕು. ವೀಸಾ ಬಗ್ಗೆ ಭಯ ಇದ್ರೆ ಮೊದಲು ಇಮಿಗ್ರೇಷನ್ ಲಾಯರ್ ಹತ್ರ ಒಂದ್ಸಲ ಮಾತಾಡ್ಲಿ. ನೋಡಿದ್ದಷ್ಟೇ ಹೇಳ್ಲಿ, ಕತ್ತಲಲ್ಲಿ ಮುಖ ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅಂತಲೇ ಹೇಳ್ಲಿ, ಅವರಿಗೆ ಬೇಕಾಗಿರೋದೂ ಅದೇ. ಇಂಗ್ಲಿಷಲ್ಲಿ ತಡವರಿಸಿದ್ರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಧೈರ್ಯವಾಗಿ ಕೇಳ್ಲಿ, ನಮ್ಮ ಆಫೀಸಲ್ಲಿ ಒಬ್ಬ ಅಜ್ಜಿಗೋಸ್ಕರ ಹಾಗೆ ಫೋನಲ್ಲೇ ವ್ಯವಸ್ಥೆ ಮಾಡಿದ್ವಿ.