ಪಾದ್ರಿಗೂ ಆಸ್ಪತ್ರೆ ಬಿಲ್ಲಿಗೂ ಏನು ಸಂಬಂಧ?

ಪ್ರಶ್ನೆ: ಕೆನಡಾದ ಸಾಸ್ಕಟೂನಿನಲ್ಲಿರುವ ನಮ್ಮ ಮಗ ಕೈ ಮುರಿದುಕೊಂಡು ಆಸ್ಪತ್ರೆಗೆ ಹೋಗಿದ್ದ. ಸರ್ಕಾರದ ಆರೋಗ್ಯ ವಿಮೆ ಕಾರ್ಡು ತೋರಿಸಿದ್ದಷ್ಟೆ, ಬಿಲ್ಲೇ ಕೊಡಲಿಲ್ಲವಂತೆ. ಇದಕ್ಕೆಲ್ಲ ಒಬ್ಬ ಪಾದ್ರಿ ಕಾರಣ ಅನ್ನುತ್ತಾನೆ. ನಿಜವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಜ. ಆದರೆ ಪೂರ್ತಿ ಶ್ರೇಯ ಪಾದ್ರಿಗೇ ಕಟ್ಟಬೇಡಿ.

ಅವರು ಟಾಮಿ ಡಗ್ಲಾಸ್. 1904ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಬಲಗಾಲಿನ ಮೂಳೆಗೆ ಸೋಂಕು ತಗುಲಿತ್ತು. ಮನೆಯವರು ಕೆನಡಾದ ವಿನಿಪೆಗ್‌ಗೆ ವಲಸೆ ಬಂದ ಮೇಲೆ, ಕಾಲು ಕತ್ತರಿಸದೆ ವಿಧಿಯಿಲ್ಲ ಎಂದರು ಡಾಕ್ಟರುಗಳು. ಕೈಯಲ್ಲಿ ಕಾಸಿಲ್ಲ. ಅಷ್ಟರಲ್ಲಿ ಒಬ್ಬ ಮೂಳೆತಜ್ಞರು, ತಮ್ಮ ವಿದ್ಯಾರ್ಥಿಗಳು ನಿಂತು ನೋಡಲು ಒಪ್ಪುವುದಾದರೆ ಪುಕ್ಕಟೆ ಆಪರೇಷನ್ ಮಾಡುತ್ತೇನೆ ಅಂದರು. ಕಾಲು ಉಳಿಯಿತು. ಆ ಕಾಲಲ್ಲೇ ಮುಂದೆ ಮ್ಯಾನಿಟೋಬಾ ಪ್ರಾಂತ್ಯದ ಬಾಕ್ಸಿಂಗ್ ಚಾಂಪಿಯನ್ನೂ ಆದರು ಮಹಾರಾಯರು! ಆದರೂ, ಬಡವರ ಹುಡುಗನ ಕಾಲು ಯಾರದೋ ದಾಕ್ಷಿಣ್ಯದಿಂದ ಉಳಿಯುವಂತಾಗಬಾರದು ಎಂಬುದು ಅವರ ಜೀವನವಿಡೀ ವಾದ.

1930ರಲ್ಲಿ, ಈಗ ನಿಮ್ಮ ಮಗನಿರುವ ಸಾಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಬಂದರು. ಬರಗಾಲ, ದೂಳುಗಾಳಿ, ಗೋಧಿಗೆ ಬೆಲೆಯಿಲ್ಲ. ಸಿಸಿಎಫ್ ಎಂಬ ರೈತ-ಕಾರ್ಮಿಕರ ಪಕ್ಷ ಸೇರಿದರು. ಇನ್ನೊಮ್ಮೆ ಚುನಾವಣೆಗೆ ನಿಂತರೆ ನಿಮಗೆ ಎಲ್ಲೂ ಚರ್ಚು ಸಿಗದು ಎಂದು ಚರ್ಚಿನ ಮೇಲಿನವರೊಬ್ಬರು ಹೆದರಿಸಿದರಂತೆ. ನಿಲ್ಲಲೋ ಬೇಡವೋ ಎಂದುಕೊಂಡಿದ್ದವರು ನಿಂತೇಬಿಟ್ಟರು! 1935ರಲ್ಲಿ ಪಾರ್ಲಿಮೆಂಟಿಗೆ ಹೋದರು. 1944ರಲ್ಲಿ ಪ್ರಾಂತ್ಯದ ಪ್ರೀಮಿಯರ್ ಆದರು, ನಮ್ಮಲ್ಲಿ ಮುಖ್ಯಮಂತ್ರಿ ಇದ್ದಂತೆ. ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡರು. 1947ರ ಜನವರಿಯಿಂದ ಆಸ್ಪತ್ರೆ ವಿಮೆ ಶುರು: ತಲೆಗೆ ವರ್ಷಕ್ಕೆ 5 ಡಾಲರ್.

ಡಾಕ್ಟರ ಫೀಸೂ ವಿಮೆಯೊಳಗೆ ಬಂದದ್ದು 1962ರ ಜುಲೈ 1ರಿಂದ. ಅಷ್ಟರಲ್ಲಿ ಡಗ್ಲಾಸ್ ರಾಷ್ಟ್ರ ರಾಜಕಾರಣಕ್ಕೆ ಹೋಗಿ, ಜೂನಿನಲ್ಲಿ ರೆಜೈನಾ ನಗರದಲ್ಲಿ ಚುನಾವಣೆ ಸೋತೂ ಆಗಿತ್ತು. ಪ್ರೀಮಿಯರ್ ಆಗಿದ್ದವರು ವುಡ್ರೋ ಲಾಯ್ಡ್. ಈ ವಿಮೆ ಬೇಡವೆಂದು ವೈದ್ಯರು 23 ದಿನ ಮುಷ್ಕರ ಹೂಡಿದರು. ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಬೇಕಾಯಿತು. ಬೈಗುಳವೆಲ್ಲ ತಿಂದು ಯೋಜನೆ ದಡ ಸೇರಿಸಿದವರು ಲಾಯ್ಡ್. ನನ್ನ ಮಟ್ಟಿಗೆ ಅರ್ಧ ನಮಸ್ಕಾರ ಅವರಿಗೆ.

ಡಗ್ಲಾಸರನ್ನು ದೇವರು ಮಾಡುವವರಿಗೂ ಒಂದು ಮಾತು. 1933ರ ಎಂಎ ಪ್ರಬಂಧದಲ್ಲಿ ಅವರು, ಬುದ್ಧಿ ಬೆಳೆಯದವರಿಗೆ ಸಂತಾನಶಕ್ತಿಹರಣ ಮಾಡಿಸಬೇಕೆಂದು ಬರೆದಿದ್ದರು. ಓದಿದರೆ ಮೈ ಉರಿಯುತ್ತದೆ. ಅಧಿಕಾರ ಸಿಕ್ಕಮೇಲೆ ಅಂಥದ್ದೇ ಸಲಹೆ ಬಂದಾಗ ತಳ್ಳಿಹಾಕಿದರು, ಪುಣ್ಯ.

ಅಂದಹಾಗೆ, ಹಲ್ಲಿನ ಚಿಕಿತ್ಸೆಗೆ, ಹೊರಗೆ ಕೊಳ್ಳುವ ಔಷಧಿಗೆ ಆ ಕಾರ್ಡು ಸಾಮಾನ್ಯವಾಗಿ ನಡೆಯದು. ಮಗನಿಗೆ ತಿಳಿಸಿಬಿಡಿ.