ಕ್ಲೌಡ್‌ನಲ್ಲಿ ಬಾಡಿಗೆ ಜಾಗ: ದುಡ್ಡು ಕಟ್ಟುವ ಮುನ್ನ

ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ನಮಗೆ ಸಿಗುವ ಜಾಗದ ಬಗ್ಗೆ, ಮೊಬೈಲ್ ಪರದೆಯ ಮೇಲೆ ‘ನಿಮ್ಮ ಸ್ಟೋರೇಜ್ ತುಂಬಿದೆ’ ಎಂಬ ಸೂಚನೆ ಕಂಡು ಗಾಬರಿಯಾಗಿ ಬರೆದ ಪತ್ರಗಳೇ ಈ ಸಲ ಹೆಚ್ಚು. ಅವುಗಳಲ್ಲಿ ಐದನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಗುಳೇದಗುಡ್ಡದಲ್ಲಿ ನಮ್ಮದು ಖಣದ ಅಂಗಡಿ. ವ್ಯಾಪಾರಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಖಣದ ಫೋಟೊ ಕಳಿಸುತ್ತೇವೆ. ಆರ್ಡರು, ಬಿಲ್ಲು ಇಮೇಲ್‌ನಲ್ಲಿ ಬರುತ್ತವೆ. ಹತ್ತು ದಿನಗಳಿಂದ ಒಂದೂ ಮೇಲ್ ಬಂದಿಲ್ಲ. ಕಳಿಸಿದ್ದೆಲ್ಲ ಮರಳಿ ಬರುತ್ತಿದೆ ಎಂದು ಪುಣೆಯ ಗಿರಾಕಿ ಫೋನ್ ಮಾಡಿ ಹೇಳಿದರು. ತಿಂಗಳಿಗೆ 130 ರೂಪಾಯಿ ಕಟ್ಟಿ 100 ಜಿಬಿ ತೆಗೆದುಕೊಳ್ಳಿ ಎಂದು ಮೊಬೈಲ್ ಹೇಳುತ್ತಿದೆ. ಕಟ್ಟಲೇಬೇಕೇ?

ಉತ್ತರ: ಮೇಲ್ ನಿಂತಿದೆ ಎಂದ ಮಾತ್ರಕ್ಕೆ ತುಂಬಿರುವುದು ಮೇಲ್‌ಗಳೇ ಎಂದು ತಿಳಿಯಬೇಡಿ. ಗೂಗಲ್ ಪ್ರತಿ ಖಾತೆಗೆ ಉಚಿತವಾಗಿ ಕೊಡುವ 15 ಜಿಬಿ ಜಾಗ ಒಂದೇ ಕೋಣೆ ಇದ್ದಂತೆ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ ಇರಬೇಕು. ಯಾವುದೋ ಮೂಲೆಯಲ್ಲಿ ಫೋಟೊಗಳ ರಾಶಿ ಬೆಳೆದು ಕೋಣೆ ತುಂಬಿದರೆ ಟಪಾಲಿಗೂ ಜಾಗವಿರುವುದಿಲ್ಲ. ಹೊಸ ಮೇಲ್ ಒಳಗೆ ಬರುವುದಿಲ್ಲ, ನಿಮ್ಮದು ಹೊರಗೆ ಹೋಗುವುದೂ ಇಲ್ಲ.

ಮೊದಲೆಲ್ಲ ಹೀಗಾಗುತ್ತಿರಲಿಲ್ಲವಲ್ಲ ಎಂದು ನಿಮಗೆ ಅನ್ನಿಸಿದ್ದರೆ ಅದು ಸರಿ. 2021ರ ಜೂನ್ 1ಕ್ಕೆ ಮುಂಚೆ ಸ್ವಲ್ಪ ಕುಗ್ಗಿಸಿ ಏರಿಸಿದ ಫೋಟೊಗಳನ್ನು ಗೂಗಲ್ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಗ ಏರಿಸಿದವು ಈಗಲೂ ಲೆಕ್ಕಕ್ಕಿಲ್ಲ, ಆಮೇಲಿನವು ಇವೆ. ಆ್ಯಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್, ಅಂದರೆ ಸಂದೇಶ, ಫೋಟೊ, ವಿಡಿಯೊಗಳ ಕಾಪಿಟ್ಟ ಪ್ರತಿ ಕೂಡ ವರ್ಷಗಟ್ಟಲೆ ಪುಕ್ಕಟೆಯಾಗಿತ್ತು. 2023ರ ಕೊನೆಯಿಂದ ಹಂತ ಹಂತವಾಗಿ ಅದೂ ಈ 15 ಜಿಬಿಯ ಲೆಕ್ಕಕ್ಕೆ ಸೇರಿತು. ನಿಮ್ಮಂಥ ವ್ಯಾಪಾರಸ್ಥರಿಗೆ ಪೆಟ್ಟು ಬಿದ್ದದ್ದು ಹೆಚ್ಚಾಗಿ ಇಲ್ಲಿಯೇ.

ಈಚೆಗೆ ಇಳಕಲ್ಲಿನ ಸೀರೆ ಅಂಗಡಿಯವರೊಬ್ಬರು ಇದೇ ದೂರು ಹೊತ್ತು ಬಂದಿದ್ದರು. ಫೋನ್ ಬಿಚ್ಚಿ ನೋಡಿದರೆ 15 ಜಿಬಿಯಲ್ಲಿ ಒಂಬತ್ತು ಜಿಬಿ ವಾಟ್ಸ್‌ಆ್ಯಪ್ ಬ್ಯಾಕಪ್ಪೇ ಇತ್ತು. ಶುಭೋದಯದ ವಿಡಿಯೊಗಳು, ಒಂದೇ ಜಾತ್ರೆಯ ತೇರಿನ ವಿಡಿಯೊ ಏಳು ಗುಂಪುಗಳಿಂದ ಏಳು ಸಲ, ಸಂಬಂಧಿಕರ ಮನೆಯ ಲಗ್ನದ ಊಟದ ಸಾಲು. ಇವುಗಳ ನಡುವೆ ತೋಪತೆನಿ ಸೆರಗಿನ ಫೋಟೊಗಳು ಅಲ್ಲೊಂದು ಇಲ್ಲೊಂದು ಹುದುಗಿದ್ದವು. ಅವರಿಗೆ ನಿಜವಾಗಿ ಬೇಕಾಗಿದ್ದ ಸೆರಗುಗಳನ್ನು ಒಟ್ಟುಗೂಡಿಸಿದರೆ ಒಂದು ಜಿಬಿಯೂ ಆಗಲಿಲ್ಲ.

ಆದ್ದರಿಂದ ನೀವು ಹೀಗೆ ಮಾಡಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಚಾಟ್ಸ್’, ಅದರೊಳಗೆ ‘ಚಾಟ್ ಬ್ಯಾಕಪ್’ ತೆರೆಯಿರಿ. ವಿಡಿಯೊಗಳನ್ನು ಸೇರಿಸುವ ಗುಂಡಿಯನ್ನು ಆಫ್ ಮಾಡಿ. ಬೇಡದ ವಿಡಿಯೊಗಳನ್ನು ವಾಟ್ಸ್‌ಆ್ಯಪ್‌ನಿಂದಲೇ ಅಳಿಸಿ, ಹೊಸದಾಗಿ ಬ್ಯಾಕಪ್ ಮಾಡಿ. ಅನಂತರ ಗೂಗಲ್‌ನ ಜಾಗದ ಲೆಕ್ಕ ನೋಡಿಕೊಳ್ಳುವ ‘ಗೂಗಲ್ ಒನ್’ ಆ್ಯಪ್ ತೆರೆದರೆ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬುದನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತದೆ. ಅದಕ್ಕೆ ದುಡ್ಡು ಕಟ್ಟಬೇಕಾಗಿಲ್ಲ. ಅಲ್ಲಿ ಬೇಡದ್ದನ್ನು ಅಳಿಸಿದರೆ ಅದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಬುಟ್ಟಿಯನ್ನೂ ಬರಿದು ಮಾಡಿದ ಮೇಲೆಯೇ ಜಾಗ ಸಿಗುತ್ತದೆ. ಅದಕ್ಕೂ ಮುಂಚೆ ಒಮ್ಮೆ ಕಣ್ಣಾಡಿಸಿ, ಏಕೆಂದರೆ ಬುಟ್ಟಿ ಬರಿದಾದ ಮೇಲೆ ಹೋದದ್ದು ಹೋದಂತೆಯೇ.

ಆದರೆ ನಿಮ್ಮ ಗಿರಾಕಿ ನೀವು ಮೊಬೈಲ್ ಶುಚಿ ಮಾಡುವವರೆಗೆ ಕಾಯುವುದಿಲ್ಲ. ನನ್ನ ಸಲಹೆ ಕೇಳಿದರೆ, ಒಂದು ತಿಂಗಳಿಗಷ್ಟೇ 130 ರೂಪಾಯಿ ಕಟ್ಟಿ ಈ ದಿನವೇ ಮೇಲ್ ಶುರು ಮಾಡಿಕೊಳ್ಳಿ. ಮರಳಿ ಹೋದ ಮೇಲ್‌ಗಳು ತಾವಾಗಿ ಬರುವುದಿಲ್ಲ, ಮತ್ತೊಮ್ಮೆ ಕಳಿಸಲು ಎಲ್ಲರಿಗೂ ಹೇಳಿ. ಆ ತಿಂಗಳಲ್ಲಿ ಬಿಡುವಾದಾಗ ಸ್ವಚ್ಛ ಮಾಡಿ. ಹತ್ತು ಜಿಬಿಯ ಒಳಗೆ ಬಂದರೆ ಚಂದಾ ನಿಲ್ಲಿಸಿ. ಬರದಿದ್ದರೆ ವರ್ಷದ ಚಂದಾ 1,300 ರೂಪಾಯಿ. ತಿಂಗಳ ಲೆಕ್ಕಕ್ಕಿಂತ 260 ರೂಪಾಯಿ ಉಳಿಯುತ್ತದೆ. ಒಂದು ಫೋಟೊಗೆ ನಾಲ್ಕು ಎಂಬಿ ಎಂದು ಹಿಡಿದರೂ 100 ಜಿಬಿಯಲ್ಲಿ 25 ಸಾವಿರ ಫೋಟೊ ಕೂರುತ್ತವೆ, ಅಂಗಡಿಗೆ ಅದು ಧಾರಾಳವಾಯಿತು. ‘ಮೊದಲ ಎರಡು ತಿಂಗಳು ಇಷ್ಟೇ’ ಎಂದು ಕಡಿಮೆ ದರ ತೋರಿಸಿದರೆ, ಆಮೇಲಿನ ದರವನ್ನು ಓದಿಯೇ ಒಪ್ಪಿಗೆ ಕೊಡಿ.

ಪ್ರಶ್ನೆ: ವಿಜಯಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. 100 ಜಿಬಿ ನನಗೆ ಸಾಕು. ಆದರೆ ದೊಡ್ಡ ಯೋಜನೆ ತೆಗೆದುಕೊಂಡರೆ ಸದಸ್ಯರಿಗೆ ಹೆಚ್ಚುವರಿ ಸೌಲಭ್ಯಗಳಿವೆ, ಕೃತಕ ಬುದ್ಧಿಮತ್ತೆಯೂ ಸಿಗುತ್ತದೆ ಎನ್ನುತ್ತಾರೆ. ಸಹೋದ್ಯೋಗಿಗಳಿಗೆ ಮೊಬೈಲ್ ರೀಚಾರ್ಜ್ ಜೊತೆಗೇ 2 ಟಿಬಿ ಉಚಿತವಾಗಿ ಬಂದಿದೆ. ನಾನೂ ಅದನ್ನೇ ತೆಗೆದುಕೊಳ್ಳಲೇ?

ಉತ್ತರ: ಜಾಗ ಬೇಕಾಗಿದ್ದರೆ ಜಾಗದ ಬೆಲೆ ನೋಡಿ ಕೊಳ್ಳಿ, ಸೌಲಭ್ಯಗಳ ಪಟ್ಟಿ ನೋಡಿ ಕೊಳ್ಳಬೇಡಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಗೂಗಲ್ ತನ್ನ ಚಂದಾಕ್ಕೆ ‘ಗೂಗಲ್ ಒನ್’ ಎಂದು ಹೆಸರಿಟ್ಟದ್ದು 2018ರಲ್ಲಿ. ಬರೀ ಜಾಗವನ್ನು ಮಾರುವ ಬದಲು ಸದಸ್ಯತ್ವ ಎನ್ನುವ ರೂಪ ಕೊಟ್ಟಿತು. ಮುಂದೆ ಅದಕ್ಕೆ ವಿಪಿಎನ್ ಸೇರಿತು, ಅಂದರೆ ನಿಮ್ಮ ಇಂಟರ್ನೆಟ್ ಓಡಾಟ ಬೇರೆಯವರಿಗೆ ಕಾಣದಂತೆ ಮರೆಮಾಡುವ ವ್ಯವಸ್ಥೆ. 2024ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಫೋಟೊದಲ್ಲಿ ಅಡ್ಡ ಬಂದವರನ್ನು ಅಳಿಸಿಹಾಕುವ ‘ಮ್ಯಾಜಿಕ್ ಇರೇಸರ್’ ಕೆಲಕಾಲ ಸದಸ್ಯರಿಗೆ ದೊಡ್ಡ ಆಕರ್ಷಣೆಯಾಗಿತ್ತು; 2024ರ ಮೇ ತಿಂಗಳಿಂದ ಅದನ್ನು ದುಡ್ಡು ಕಟ್ಟದವರಿಗೂ ತೆರೆದರು. ಹೀಗೆ ಸೌಲಭ್ಯ ಬರುತ್ತದೆ, ಹೋಗುತ್ತದೆ, ಇಲ್ಲವೇ ಎಲ್ಲರಿಗೂ ಸಿಗುತ್ತದೆ. ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದು ಜಾಗ ಮಾತ್ರ. ಸದಸ್ಯರಿಗೆ ಸಿಗುವ ಇನ್ನೊಂದು ಸವಲತ್ತು ಗೂಗಲ್ ಸಿಬ್ಬಂದಿಯೊಂದಿಗೆ ನೇರವಾಗಿ ಮಾತನಾಡಿ ಸಮಸ್ಯೆ ಹೇಳಿಕೊಳ್ಳುವ ಅವಕಾಶ. ಜಾಹೀರಾತಿನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ, ನನ್ನ ಕಣ್ಣಿಗೆ ಮಾತ್ರ ಅದೇ ಹೆಚ್ಚು ಬೆಲೆಯುಳ್ಳದ್ದು.

ಈಗಿನ ಆಕರ್ಷಣೆ ನೀವು ಹೇಳಿದ ಕೃತಕ ಬುದ್ಧಿಮತ್ತೆ, ಗೂಗಲ್‌ನ ಜೆಮಿನಿ. ನೀವು ಮೇಷ್ಟರು, ಪ್ರಶ್ನೆಪತ್ರಿಕೆ, ಟಿಪ್ಪಣಿ, ಅನುವಾದಕ್ಕೆ ಅದನ್ನು ದಿನವೂ ಬಳಸುವವರಾದರೆ ದೊಡ್ಡ ಯೋಜನೆಗೆ ಅರ್ಥವಿದೆ. ಮೊದಲು ಉಚಿತ ಜೆಮಿನಿಯನ್ನೇ ಒಂದು ತಿಂಗಳು ಬಳಸಿ ನೋಡಿ. ಅದರ ಮಿತಿ ನಿಮ್ಮ ಕೆಲಸಕ್ಕೆ ಅಡ್ಡ ಬಂದರೆ ಆಗ ಯೋಚಿಸಿ.

ರೀಚಾರ್ಜ್ ಜೊತೆಗೆ ಬಂದ ಉಚಿತ ಜಾಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2025ರ ಅಕ್ಟೋಬರ್ ಕೊನೆಯಲ್ಲಿ ಜಿಯೊ ತನ್ನ ಅರ್ಹ 5ಜಿ ಗ್ರಾಹಕರಿಗೆ 2 ಟಿಬಿ ಜಾಗವುಳ್ಳ ಗೂಗಲ್ ಎಐ ಪ್ರೊ ಯೋಜನೆಯನ್ನು 18 ತಿಂಗಳು ಉಚಿತವೆಂದು ಪ್ರಕಟಿಸಿತು. ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ 2 ಟಿಬಿ ಎಂದರೆ 15 ಜಿಬಿಯ ನೂರಮೂವತ್ತಕ್ಕೂ ಹೆಚ್ಚು ಪಟ್ಟು. ಜಾಗ ಇದೆಯಲ್ಲ ಎಂದು ತರಗತಿಯ ವಿಡಿಯೊ, ಪ್ರವಾಸದ ವಿಡಿಯೊ ಎಲ್ಲ ತುಂಬಿ 400 ಜಿಬಿ ಮಾಡಿಕೊಂಡಿರಿ ಎನ್ನೋಣ. ಹತ್ತೊಂಬತ್ತನೆಯ ತಿಂಗಳು ಕೋಣೆ ಮತ್ತೆ 15 ಜಿಬಿಗೆ ಇಳಿಯುತ್ತದೆ. ಸಾಮಾನು ಕೂಡಲೇ ಹೋಗುವುದಿಲ್ಲ, ಆದರೆ ಹೊಸದೇನೂ ಒಳಗೆ ಬರುವುದಿಲ್ಲ. ಗುಳೇದಗುಡ್ಡದ ಅಂಗಡಿಯವರಂತೆ ನಿಮ್ಮ ಮೇಲೂ ನಿಲ್ಲುತ್ತದೆ. ಮಿತಿ ಮೀರಿದ ಸ್ಥಿತಿಯಲ್ಲೇ ಎರಡು ವರ್ಷ ಕಳೆದರೆ ಇರುವುದನ್ನೂ ಅಳಿಸುವ ಅಧಿಕಾರವನ್ನು ಗೂಗಲ್ ಇಟ್ಟುಕೊಂಡಿದೆ. ಉಚಿತ ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಮುಗಿದ ಮೇಲೆ ದುಡ್ಡು ತಾನಾಗಿ ಕಡಿತವಾಗುತ್ತದೆಯೇ ಎಂಬುದನ್ನು ಶುರುವಿನಲ್ಲೇ ನೋಡಿಕೊಳ್ಳಿ.

ಬೇರೆ ಕಂಪನಿಗಳನ್ನೂ ತೂಗಿ ನೋಡಿ. ಮೈಕ್ರೊಸಾಫ್ಟ್ 365 ಪರ್ಸನಲ್‌ನಲ್ಲಿ 1 ಟಿಬಿ ಜಾಗದ ಜೊತೆಗೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಬರುತ್ತವೆ. ಅಂಕಪಟ್ಟಿ ಮಾಡುವ ಶಿಕ್ಷಕರಿಗೆ ಅಲ್ಲಿ ಸೌಲಭ್ಯವೇ ಮುಖ್ಯ, ಜಾಗ ಆಮೇಲಿನದು. ನಾನು ಹೇಳಿದ ನಿಯಮಕ್ಕೆ ಅದೊಂದು ಹೊರತು. ಐಫೋನ್ ಇರುವವರಿಗೆ ಆ್ಯಪಲ್ ಉಚಿತವಾಗಿ ಕೊಡುವುದು 5 ಜಿಬಿ ಮಾತ್ರ. ದುಡ್ಡು ಕಟ್ಟಿ ಐಕ್ಲೌಡ್ ಪ್ಲಸ್ ತೆಗೆದುಕೊಂಡರೆ ನಿಮ್ಮ ಅಸಲು ಇಮೇಲ್ ವಿಳಾಸ ಕೊಡದೆ ಬೇರೆ ವಿಳಾಸ ಕೊಡುವ ಅನುಕೂಲವಿದೆ. ಕಂಡಕಂಡಲ್ಲಿ ಇಮೇಲ್ ವಿಳಾಸ ಬರೆದು ಕೊಡಬೇಕಾದ ಈ ಕಾಲದಲ್ಲಿ ಅದು ಉಪಯುಕ್ತವೇ.

ಪ್ರಶ್ನೆ: ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಕೂಡು ಕುಟುಂಬ. ಮಾವನವರು ಗೂಗಲ್ ಒನ್ ತೆಗೆದುಕೊಂಡು ‘ಮನೆಯವರೆಲ್ಲ ಇದರಲ್ಲೇ ಸೇರಿಕೊಳ್ಳಿ’ ಎನ್ನುತ್ತಿದ್ದಾರೆ. ಸೇರಿದರೆ ನನ್ನ ಫೋಟೊಗಳು ಅವರಿಗೆ ಕಾಣುತ್ತವೆಯೇ? ಬಾಯಿಬಿಟ್ಟು ಕೇಳಲು ಸಂಕೋಚ.

ಉತ್ತರ: ಕಾಣುವುದಿಲ್ಲ. ನಿಶ್ಚಿಂತೆಯಿಂದ ಸೇರಿಕೊಳ್ಳಿ. ಅವರಿಗೆ ತಿಳಿಯುವುದು ಯಾರು ಎಷ್ಟು ಜಿಬಿ ಬಳಸಿದ್ದಾರೆ ಎಂಬುದಷ್ಟೇ. ನಿಮ್ಮ ಫೋಟೊ, ಮೇಲ್, ಕಡತ ಎಲ್ಲ ನಿಮ್ಮ ಖಾತೆಯಲ್ಲಿ ನಿಮ್ಮ ಪಾಸ್‌ವರ್ಡ್‌ನ ಹಿಂದೆಯೇ ಇರುತ್ತವೆ. ಚಂದಾದಾರರೂ ಸೇರಿ ಒಟ್ಟು ಆರು ಜನರಿಗೆ ಅವಕಾಶವಿದೆ. ಪ್ರತಿಯೊಬ್ಬರೂ ಮೊದಲು ತಮ್ಮ 15 ಜಿಬಿ ಬಳಸುತ್ತಾರೆ. ಅದು ತುಂಬಿದ ಮೇಲೆ ಕೂಡು ಜಾಗಕ್ಕೆ ಕೈ ಹಾಕುತ್ತಾರೆ.

ಫೋಟೊ ಕಾಣುವುದು ನೀವಾಗಿ ಹಂಚಿಕೊಂಡಾಗ ಮಾತ್ರ. ಗೂಗಲ್ ಫೋಟೋಸ್‌ನಲ್ಲಿ ‘ಪಾರ್ಟ್‌ನರ್ ಶೇರಿಂಗ್’ ಎಂಬುದೊಂದಿದೆ. ಅದನ್ನು ಹಿಂದೆ ಯಾರಿಗಾದರೂ ತೆರೆದಿಟ್ಟಿದ್ದೀರೇನು ಎಂದು ಒಮ್ಮೆ ನೋಡಿ. ಮನೆಯಲ್ಲಿ ಒಂದೇ ಫೋನ್, ಒಂದೇ ಖಾತೆಯನ್ನು ಇಬ್ಬರು ಬಳಸುತ್ತಿದ್ದರೆ ಆ ಮಾತು ಬೇರೆ, ಅದನ್ನು ಮೊದಲು ಬೇರ್ಪಡಿಸಿ.

ಮಾವನವರಿಗೆ ಹೇಳಬೇಕಾದ ಎರಡು ಮಾತಿವೆ. ಫ್ಯಾಮಿಲಿ ಗುಂಪಿನವರೆಲ್ಲ ಒಂದೇ ದೇಶದಲ್ಲಿರಬೇಕು. ಪುಣೆಯಲ್ಲಿರುವ ಮೈದುನನನ್ನು ಸೇರಿಸಬಹುದು, ದುಬೈಯಲ್ಲಿ ಸಂಸಾರ ಹೂಡಿದ ನಾದಿನಿಯನ್ನು ಆಗದು. ಒಂದು ಗುಂಪು ಬಿಟ್ಟು ಇನ್ನೊಂದಕ್ಕೆ ಹೋಗುವುದು ಹನ್ನೆರಡು ತಿಂಗಳಿಗೆ ಒಮ್ಮೆ ಮಾತ್ರ ಸಾಧ್ಯ, ಹಾಗಾಗಿ ಯಾರು ಯಾವ ಗುಂಪಿಗೆ ಎಂಬುದನ್ನು ಕೂತು ಮಾತನಾಡಿಯೇ ತೀರ್ಮಾನಿಸಿ.

ಪ್ರಶ್ನೆ: ಆ್ಯಪ್ ತೆಗೆದುಹಾಕಿ ಮೂರು ತಿಂಗಳಾಯಿತು. ಆದರೂ ಖಾತೆಯಿಂದ ದುಡ್ಡು ಹೋಗುತ್ತಿದೆ. (ಜಮಖಂಡಿ)

ಉತ್ತರ: ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾಗಳ ಪುಟಕ್ಕೆ ಹೋಗಿ ಅಲ್ಲಿ ರದ್ದು ಮಾಡಿ. ಆಮೇಲೆ ಯುಪಿಐ ಆ್ಯಪ್‌ನ ‘ಆಟೊಪೇ’ ಪುಟದಲ್ಲೂ ಆ ಹೆಸರು ಉಳಿದಿದೆಯೇ ನೋಡಿ. ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶಗಳನ್ನು ಓದದೆ ಅಳಿಸಬೇಡಿ.

ಇದೇ ವಿಷಯಕ್ಕೆ ಹೊಂದಿದ ಇನ್ನೊಂದು ಎಚ್ಚರಿಕೆ: ‘ಈ ರಾತ್ರಿಯೊಳಗೆ ಹಣ ಕಟ್ಟದಿದ್ದರೆ ಫೋಟೊಗಳೆಲ್ಲ ಅಳಿಸಿಹೋಗುತ್ತವೆ’ ಎಂದು ಲಿಂಕ್ ಸಮೇತ ಬರುವ ಮೇಲ್, ಸಂದೇಶಗಳು ಮೋಸಗಾರರವು. ಲಿಂಕ್ ಒತ್ತಬೇಡಿ, ಆ್ಯಪ್ ತೆರೆದು ನೀವೇ ಜಾಗ ನೋಡಿಕೊಳ್ಳಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿದ್ದೇವೆ. ಹಳೆಯ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಆ ಮನೆಯ, ಓಣಿಯ, ಅಲ್ಲಿ ನಡೆದ ಲಗ್ನ ಮುಂಜಿಗಳ ಎರಡು ಸಾವಿರ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿದ್ದೇನೆ. ಎಲ್ಲವನ್ನೂ ಕ್ಲೌಡ್‌ಗೆ ಏರಿಸಿ, ಗೆದ್ದಲು ಹಿಡಿಯುತ್ತಿರುವ ಆಲ್ಬಮ್‌ಗಳನ್ನು ತೆಗೆದುಹಾಕಬಹುದೇ? ಎಷ್ಟು ಜಿಬಿ ಕೊಳ್ಳಬೇಕು?

ಉತ್ತರ: ಆಲ್ಬಮ್‌ಗಳನ್ನು ತೆಗೆದುಹಾಕಬೇಡಿ. ದಯವಿಟ್ಟು ಬೇಡ. ಗೆದ್ದಲು ಕೊಡವಿ, ಒಣಗಿದ ಸ್ಟೀಲಿನ ಟ್ರಂಕಿನಲ್ಲಿಡಿ.

ಕ್ಲೌಡ್ ಎಂದರೆ ಎರಡನೆಯ ಪ್ರತಿ ಎಂದು ಬಹಳ ಜನ ನಂಬಿದ್ದಾರೆ. ಆದರೆ ಫೋನಿನ ಗೂಗಲ್ ಫೋಟೋಸ್‌ನಲ್ಲಿ ಒಂದು ಚಿತ್ರ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ಎರಡೂ ಕಡೆ ಕಾಣುತ್ತಿರುವುದು ಒಂದೇ ಗಂಟು. ಏರಿಸಿದ ಚಿತ್ರವಾದರೆ 60 ದಿನ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಫೋನಿನಲ್ಲಿ ಮಾತ್ರ ಜಾಗ ಖಾಲಿ ಮಾಡಬೇಕಿದ್ದರೆ ಅದೇ ಆ್ಯಪ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಎಂಬುದಿದೆ. ಅದು ಕ್ಲೌಡ್‌ಗೆ ಏರಿದ್ದನ್ನು ಮುಟ್ಟದೆ ಫೋನಿನ ಪ್ರತಿಯನ್ನಷ್ಟೇ ತೆಗೆಯುತ್ತದೆ. ಈ ಎರಡರ ವ್ಯತ್ಯಾಸ ತಿಳಿಯದೆ ಮೊಮ್ಮಗುವಿನ ಮೊದಲ ವರ್ಷದ ಚಿತ್ರಗಳನ್ನೆಲ್ಲ ಕಳೆದುಕೊಂಡ ಅಜ್ಜಿಯೊಬ್ಬರು ನನ್ನ ಎದುರು ಕೂತು ಅತ್ತಿದ್ದಾರೆ. ನಾನು ಬುಟ್ಟಿ ತೆರೆಯುವ ಹೊತ್ತಿಗೆ 60 ದಿನ ದಾಟಿ ವಾರವಾಗಿತ್ತು.

ದುಡ್ಡಿನ ಮಾತಿಗೆ ಬಂದರೆ, ನಿಮಗೆ ಈಗ ಚಂದಾ ಬೇಕಾಗದಿರಬಹುದು. ಒಂದು ಸ್ಕ್ಯಾನ್ ಐದು ಎಂಬಿ ಇದ್ದರೆ ಎರಡು ಸಾವಿರಕ್ಕೆ ಹತ್ತು ಜಿಬಿಯಷ್ಟೇ. ಇದಕ್ಕೆಂದೇ ಮನೆಯವರ ಇನ್ನೊಂದು ಖಾತೆ ಇಟ್ಟುಕೊಂಡರೆ ಅದರ ಉಚಿತ 15 ಜಿಬಿಯಲ್ಲೇ ಹಿಡಿಸುತ್ತದೆ. ಆದರೆ ಆ ಖಾತೆಯನ್ನು ಮರೆತು ಬಿಡಬೇಡಿ: ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು. ಪ್ರತಿ ಯುಗಾದಿಗೊಮ್ಮೆಯಾದರೂ ತೆರೆದು ನೋಡಿ. ಅದಕ್ಕೆ ಕೊಟ್ಟ ಫೋನ್ ನಂಬರ್ ಚಾಲ್ತಿಯಲ್ಲಿರಲಿ.

ಚಂದಾಕ್ಕೆ ಕಟ್ಟಬೇಕೆಂದಿದ್ದ ದುಡ್ಡಿನಲ್ಲಿ ಒಂದು ಹಾರ್ಡ್ ಡಿಸ್ಕ್ ಅಥವಾ ಒಳ್ಳೆಯ ಪೆನ್‌ಡ್ರೈವ್ ಕೊಂಡು ಎಲ್ಲವನ್ನೂ ಅದಕ್ಕೂ ಹಾಕಿ. ಅದನ್ನು ನವನಗರದ ಮನೆಯಲ್ಲಿ ಇಡುವ ಬದಲು ಬೇರೆ ಊರಿನಲ್ಲಿರುವ ಅಣ್ಣನದೋ ತಂಗಿಯದೋ ಮನೆಯಲ್ಲಿಡಿ. ಒಂದು ಮನೆಗೆ ಏನಾದರೂ ಆದರೆ ಇನ್ನೊಂದರಲ್ಲಿ ಉಳಿದಿರಬೇಕು ಎಂಬುದನ್ನು ನಿಮ್ಮ ಊರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕೆಲಸ ಜಾಗಕ್ಕಿಂತ ತುರ್ತಿನದು. ಗೂಗಲ್ ಫೋಟೋಸ್‌ನಲ್ಲಿ ಯಾವುದೇ ಚಿತ್ರವನ್ನು ಮೇಲಕ್ಕೆ ಸರಿಸಿದರೆ ವಿವರಣೆ ಬರೆಯುವ ಜಾಗವಿದೆ, ಕನ್ನಡದಲ್ಲೇ ಬರೆಯಬಹುದು. ಹಳೆಯ ಓಣಿಯನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿ ಇದ್ದರೆ ದಿನಕ್ಕೆ ಹತ್ತು ಚಿತ್ರದಂತೆ ಅವರ ಮುಂದೆ ಹಿಡಿಯಿರಿ. ಕಟ್ಟೆಯ ಮೇಲೆ ಕೂತವರು ಯಾರು, ಬಾಗಿಲಲ್ಲಿ ಇಣುಕುತ್ತಿರುವ ಹುಡುಗಿ ಯಾರ ಮಗಳು, ಹಿಂದೆ ಕಾಣುವುದು ಯಾರ ಮನೆಯ ಗೋಡೆ ಎಂದು ಕೇಳಿ, ಅವರು ಹೇಳಿದಂತೆ ಅಲ್ಲೇ ಬರೆದುಬಿಡಿ.